ಟ್ಯಾಂಕ್ ತೊಳೆಯುವ ಜಾಹೀರಾತಿನಿಂದ ನನಗೆ ಕೆಲಸ ಸಿಕ್ಕಿದ್ದು

ನಾನು ಓದಿದ್ದು ಬಿ.ಕಾಂ., ದಾವಣಗೆರೆಯಲ್ಲಿ. ಈಗ ಬೆಂಗಳೂರಿನ ಒಂದು ಏಜೆನ್ಸಿಯಲ್ಲಿ ಗೂಗಲ್ ಜಾಹೀರಾತುಗಳನ್ನು ನೋಡಿಕೊಳ್ಳುತ್ತೇನೆ. ನಡುವೆ ಎಂಬಿಎ ಇಲ್ಲ, ಇಂಟರ್ನ್‌ಶಿಪ್ ಇಲ್ಲ, ಈ ಲೈನಿನಲ್ಲಿ ಪರಿಚಯದವರೂ ಇರಲಿಲ್ಲ. ಇದ್ದದ್ದು ಸೋದರಮಾವನ ಸಂಪು, ಟ್ಯಾಂಕು ತೊಳೆಯುವ ಬಿಸಿನೆಸ್ಸು. ಊರಿನ ಹುಡುಗರು ಆಗಾಗ ಫೋನ್ ಮಾಡಿ "ಅಕ್ಕಾ, ಎಕ್ಸ್‌ಪೀರಿಯನ್ಸ್ ಇಲ್ದೆ ಹೆಂಗೆ ಸಿಕ್ತು?" ಅಂತ ಕೇಳುತ್ತಾರೆ. ಫೋನಿನಲ್ಲಿ ಹೇಳಿದರೆ ಅರ್ಧಕ್ಕೇ ನಿಲ್ಲುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಡಿಜಿಟಲ್ ಮಾರ್ಕೆಟಿಂಗ್ ಕೋರ್ಸಿನ ವಿಷಯ ಮುಗಿಸಿಬಿಡುತ್ತೇನೆ. ನನ್ನ ಗೆಳತಿಯೊಬ್ಬಳು ಒಂದು ಇನ್‌ಸ್ಟಿಟ್ಯೂಟಿಗೆ 40 ಸಾವಿರ ಕಟ್ಟಿದ್ದಳು. ಅವಳ ನೋಟ್ಸ್ ತಿರುವಿ ನೋಡಿದೆ. ಅದರಲ್ಲಿ ಗೂಗಲ್ ಅನಲಿಟಿಕ್ಸ್ (ವೆಬ್‌ಸೈಟಿಗೆ ಎಷ್ಟು ಜನ ಬಂದರು, ಏನು ನೋಡಿದರು ಅಂತ ಲೆಕ್ಕ ಕೊಡುವ ಸಾಧನ) ಅಂತ ಇದ್ದದ್ದು ಹಳೇ ಯೂನಿವರ್ಸಲ್ ಅನಲಿಟಿಕ್ಸ್. 2023ರ ಜುಲೈ 1ರಿಂದ ಗೂಗಲ್ ಅದರಲ್ಲಿ ಹೊಸ ಡೇಟಾ ತೆಗೆದುಕೊಳ್ಳುವುದನ್ನೇ ನಿಲ್ಲಿಸಿ, ಎಲ್ಲರೂ ಅದರ ಹೊಸ ಆವೃತ್ತಿ ಜಿಎ4 ಬಳಸುವಂತೆ ಮಾಡಿತ್ತು. ಆಮೇಲೂ ಅದೇ ನೋಟ್ಸ್ ಹಂಚುತ್ತಿದ್ದರು! ನಾನು ದುಡ್ಡು ಕಟ್ಟುವ ಯೋಚನೆ ಬಿಟ್ಟೆ. ಗೂಗಲ್‌ನದೇ ಸ್ಕಿಲ್‌ಶಾಪ್ ಅನ್ನೋ ಕಲಿಕೆಯ ವೆಬ್‌ಸೈಟ್ ಇದೆ, ಪೂರ್ತಿ ಉಚಿತ. ಸರ್ಚ್ ಜಾಹೀರಾತಿನ (ಗೂಗಲ್‌ನಲ್ಲಿ ಏನಾದರೂ ಹುಡುಕಿದಾಗ ಕಾಣುವ ಜಾಹೀರಾತು) ಪರೀಕ್ಷೆಯಲ್ಲಿ 80% ಬಂದರೆ ಪಾಸು, ಸರ್ಟಿಫಿಕೇಟ್ ಒಂದು ವರ್ಷ ನಡೆಯುತ್ತದೆ. ಅನಲಿಟಿಕ್ಸ್ ಕಲಿಯಲು ಸ್ವಂತ ವೆಬ್‌ಸೈಟ್ ಕೂಡ ಬೇಕಿಲ್ಲ. ಗೂಗಲ್ ತನ್ನ ಮರ್ಚಂಡೈಸ್ ಅಂಗಡಿಯ ನಿಜವಾದ ಡೇಟಾವನ್ನು ಡೆಮೊ ಅಕೌಂಟ್ ಆಗಿ ತೆರೆದಿಟ್ಟಿದೆ, ಯಾರು ಬೇಕಾದರೂ ಒಳಗೆ ಹೋಗಿ ನೋಡಬಹುದು.

ಇಷ್ಟೆಲ್ಲ ಮಾಡಿದ ಮೇಲೂ ಕೆಲಸಕ್ಕೆ ಹಾಕಿದ ಅರ್ಜಿಗಳಿಗೆ ಉತ್ತರ ಬರಲಿಲ್ಲ. ಬರಲ್ಲ ಬಿಡಿ. ಅದೇ ಸರ್ಟಿಫಿಕೇಟ್ ಎಲ್ಲರ ಹತ್ತಿರವೂ ಇರುತ್ತದೆ. ಅದರಿಂದ ನನಗೆ ಸಿಕ್ಕಿದ್ದು ಮಾತು: ಕ್ಲಿಕ್, ಇಂಪ್ರೆಷನ್ (ಜಾಹೀರಾತು ಎಷ್ಟು ಸಲ ಕಂಡಿತು), ಮ್ಯಾಚ್ ಟೈಪ್ (ಹುಡುಕಾಟಕ್ಕೆ ನಮ್ಮ ಪದ ಎಷ್ಟು ಹೊಂದಬೇಕು), ಕನ್ವರ್ಷನ್ (ನೋಡಿದವರು ಗಿರಾಕಿ ಆದದ್ದು) ಅಂದರೆ ಏನು ಅಂತ ಗೊತ್ತಾಯಿತು. ಯಾರದಾದರೂ ದುಡ್ಡು ಹಾಕಿ ನೋಡುವವರೆಗೂ ಅದು ಬರೀ ಮಾತೇ.

ಆ ದುಡ್ಡು ಹಾಕಿದವರು ಮಾವ. ಅವರದು ಒಂದು ಹಳೇ ಓಮ್ನಿ, ಒಂದು ಪ್ರೆಶರ್ ಪಂಪು, ಇಬ್ಬರು ಹುಡುಗರು. ದಾವಣಗೆರೆಯಲ್ಲಿ ನಲ್ಲಿ ನೀರು ದಿನಾ ಬರಲ್ಲ. ಬಂದಾಗ ಹಿಡಿದಿಡಬೇಕು, ಹಾಗಾಗಿ ಮನೆಮನೆಗೂ ಸಂಪು. ಕೆಲಸಕ್ಕೇನೂ ಬರ ಇರಲಿಲ್ಲ, ಆದರೆ ಬರುತ್ತಿದ್ದದ್ದೆಲ್ಲ ಬಾಯಿಂದ ಬಾಯಿಗೆ. ವಿದ್ಯಾನಗರದಲ್ಲಿ ಒಬ್ಬರು ಹೇಳಿದರೆ ಆ ಬೀದಿಯಲ್ಲಿ ನಾಲ್ಕು ಮನೆ, ಆಮೇಲೆ ವಾರಗಟ್ಟಲೆ ಖಾಲಿ. "ನೋಡವ್ವ, ದಿನಕ್ಕೆ ನೂರೈವತ್ತು ಕೊಡ್ತೀನಿ. ಎರಡು ತಿಂಗಳು ನೋಡೋಣ. ಆಗ್ಲಿಲ್ಲ ಅಂದ್ರೆ ಮತ್ತೆ ಕೇಳಂಗಿಲ್ಲ" ಅಂದರು.

ಜಾಹೀರಾತಿಗೆ ಮೊದಲು ಗೂಗಲ್ ಬಿಸಿನೆಸ್ ಪ್ರೊಫೈಲ್ ಮಾಡಿದೆ, ಅಂದರೆ ಗೂಗಲ್ ಸರ್ಚ್, ಮ್ಯಾಪ್ಸ್‌ನಲ್ಲಿ ಬಿಸಿನೆಸ್ಸಿನ ಹೆಸರು, ಫೋನ್, ರಿವ್ಯೂ ಕಾಣುವ ಪುಟ. ಇದಕ್ಕೆ ಖರ್ಚಿಲ್ಲ, ಊರಿನ ಯಾವ ಸಣ್ಣ ಅಂಗಡಿಗೂ ನೀವು ಇದನ್ನು ಮಾಡಿಕೊಡಬಹುದು. ಮಾವನಿಗೆ ಅಂಗಡಿ ಇಲ್ಲ, ಮನೆಯೇ ಆಫೀಸು. ಅಂಥವರು ವಿಳಾಸ ಮರೆಮಾಡಿ, ಕೆಲಸ ಮಾಡುವ ಏರಿಯಾಗಳನ್ನು ಮಾತ್ರ ತೋರಿಸಬಹುದು. ಬಿಸಿನೆಸ್ಸು ನಿಜವಾಗಿ ಇದೆ ಅಂತ ತೋರಿಸಲು ಗೂಗಲ್ ನಮ್ಮನ್ನು ವಿಡಿಯೊ ವೆರಿಫಿಕೇಷನ್ ಕೇಳಿತು. ಬೀದಿ, ಓಮ್ನಿ ಮೇಲಿನ ಬೋರ್ಡು, ಪಂಪು, ಪೈಪು, ಮಾವ ಬೀಗ ತೆಗೆದು ಸಾಮಾನು ಹೊರಗಿಡುವುದು, ಎಲ್ಲವನ್ನೂ ನಿಲ್ಲಿಸದೆ ಒಂದೇ ವಿಡಿಯೊದಲ್ಲಿ ತೆಗೆದೆ. ಹೆಸರಿನ ವಿಷಯಕ್ಕೆ ಮಾವನ ಜೊತೆ ಜಗಳವೇ ಆಯಿತು. ಹೆಸರಿನ ಮುಂದೆ "ಬೆಸ್ಟ್ ಟ್ಯಾಂಕ್ ಕ್ಲೀನಿಂಗ್ ದಾವಣಗೆರೆ" ಅಂತ ಸೇರಿಸು ಅಂದರು. ಸೇರಿಸಲಿಲ್ಲ. ಬೋರ್ಡಿನಲ್ಲಿ ಇರುವ ಹೆಸರೇ ಇರಬೇಕು ಅನ್ನೋದು ಗೂಗಲ್ ನಿಯಮ, ಮೀರಿದರೆ ಪ್ರೊಫೈಲೇ ಹೋಗಬಹುದು. ರಿವ್ಯೂ ಬರೆದವರಿಗೆ 50 ರೂಪಾಯಿ ಬಿಡೋಣ ಅಂದರು. ಅದೂ ನಿಯಮಕ್ಕೆ ವಿರುದ್ಧ. ಕೆಲಸ ಮುಗಿದ ಕೂಡಲೇ ಲಿಂಕನ್ನು ವಾಟ್ಸ್ಆಪ್‌ಗೆ ಕಳಿಸಿ "ಎರಡು ಸಾಲು ಬರೀರಿ ಸರ್" ಅಂತ ಕೇಳುವ ಅಭ್ಯಾಸವನ್ನು ಹುಡುಗರಿಗೆ ಮಾಡಿಸಿದೆ. ತೊಳೆಯುವ ಮೊದಲು, ತೊಳೆದ ಮೇಲೆ ಅಂತ ಎರಡು ಫೋಟೊ. ಸಂಪಿನ ತಳದ ಕೆಸರು ನೋಡಿದವರು ತಾವಾಗೇ ಬರೆಯುತ್ತಿದ್ದರು!

2024ರ ಫೆಬ್ರವರಿಯಲ್ಲಿ ಸರ್ಚ್ ಜಾಹೀರಾತು ಶುರು ಮಾಡಿದೆ. ಊರು ಆರಿಸುವ ಕಡೆ ಒಂದು ಸಣ್ಣ ಸೆಟ್ಟಿಂಗ್ ಇದೆ, ಸುಮ್ನೆ ಬಿಟ್ಟರೆ ದಾವಣಗೆರೆಯಲ್ಲಿ ಇರುವವರಿಗೆ ಮಾತ್ರವಲ್ಲ, ದಾವಣಗೆರೆ ಬಗ್ಗೆ ಆಸಕ್ತಿ ತೋರಿಸಿದವರಿಗೂ ಜಾಹೀರಾತು ಹೋಗುತ್ತದೆ. ಬೆಂಗಳೂರಿನಲ್ಲಿ ಕೂತು ಬೆಣ್ಣೆದೋಸೆ ಹುಡುಕುವವರಿಗೆ ನಮ್ಮ ಪಂಪು ಯಾಕೆ? ಊರಿನಲ್ಲಿ ಇರುವವರಿಗೆ ಮಾತ್ರ ಅಂತ ಬದಲಾಯಿಸಿದೆ. ಊರಿನ ಹೆಸರನ್ನು ಜನ ಇಂಗ್ಲಿಷಿನಲ್ಲಿ ಎರಡು ಮೂರು ಥರ ಟೈಪ್ ಮಾಡುತ್ತಾರೆ, ಅಷ್ಟನ್ನೂ ಹಾಕಿದೆ. ಬಜೆಟ್ ಬಗ್ಗೆ ಮಾವನಿಗೆ ಮೊದಲೇ ಒಂದು ಮಾತು ಹೇಳಿಟ್ಟಿದ್ದೆ. ಗೂಗಲ್ ಒಂದೊಂದು ದಿನ ಹೇಳಿದ್ದರ ಎರಡರಷ್ಟು ತನಕ ಖರ್ಚು ಮಾಡಬಹುದು, ತಿಂಗಳಿಗೆ ಲೆಕ್ಕ ಹಾಕಿದಾಗ ಮಾತ್ರ ದಿನದ ಬಜೆಟ್ಟಿನ 30.4 ಪಟ್ಟು ದಾಟಲ್ಲ. ಇದನ್ನು ಹೇಳದೇ ಇದ್ದಿದ್ದರೆ ಮೊದಲ ಶನಿವಾರವೇ ಅಕೌಂಟ್ ಮುಚ್ಚಿಸುತ್ತಿದ್ದರು. 18% ಜಿಎಸ್‌ಟಿ ಬೇರೆ ಇದೆ, ಅದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಇನ್ನು ಮುಂದಿನದು ನಿಜವಾದ ಪಾಠ. ಗೂಗಲ್ ಆ್ಯಡ್ಸ್ ಒಳಗೆ 'ಸರ್ಚ್ ಟರ್ಮ್ಸ್' ಅಂತ ಒಂದು ರಿಪೋರ್ಟ್ ಇದೆ. ನಾವು ಹಾಕಿದ ಕೀವರ್ಡ್ (ಯಾವ ಪದ ಹುಡುಕಿದರೆ ಜಾಹೀರಾತು ತೋರಿಸಬೇಕು ಅನ್ನೋದು) ಒಂದು, ಜನ ನಿಜವಾಗಿ ಟೈಪ್ ಮಾಡಿದ್ದು ಇನ್ನೊಂದು. ಆ ಎರಡನೆಯದು ಇಲ್ಲಿ ಕಾಣುತ್ತದೆ. ನಮ್ಮ ಕೀವರ್ಡ್ 'ವಾಟರ್ ಟ್ಯಾಂಕ್ ಕ್ಲೀನಿಂಗ್', 'ಸಂಪ್ ಕ್ಲೀನಿಂಗ್'. ಜನ ಹುಡುಕಿ ಕ್ಲಿಕ್ ಮಾಡಿದ್ದು ಏನು ಗೊತ್ತಾ? ಮೀನಿನ ಟ್ಯಾಂಕ್ ತೊಳೆಯುವುದು ಹೇಗೆ. ಸೆಪ್ಟಿಕ್ ಟ್ಯಾಂಕ್ ಕ್ಲೀನಿಂಗ್. ಸಾವಿರ ಲೀಟರ್ ಸಿಂಟೆಕ್ಸ್ ರೇಟ್. ಟ್ಯಾಂಕ್ ಕ್ಲೀನಿಂಗ್ ಮಷಿನ್ ಪ್ರೈಸ್. ಕ್ಲೀನಿಂಗ್ ಜಾಬ್ಸ್. ಎಲ್ಲಕ್ಕಿಂತ ಜಾಸ್ತಿ, ವಾಟರ್ ಟ್ಯಾಂಕರ್. 2023ರಲ್ಲಿ ಮಳೆ ಕೈಕೊಟ್ಟಿತ್ತು, ಬೋರ್‌ವೆಲ್‌ಗಳು ಬತ್ತಿದ್ದವು, ಆ ಬೇಸಿಗೆಯಲ್ಲಿ ಜನ ಟ್ಯಾಂಕರ್ ನೀರಿಗೆ ಪರದಾಡುತ್ತಿದ್ದರು. ಟ್ಯಾಂಕ್‌ಗೂ ಟ್ಯಾಂಕರ್‌ಗೂ ಗೂಗಲ್‌ಗೆ ಅಂಥ ವ್ಯತ್ಯಾಸ ಕಾಣಲಿಲ್ಲ. "ಒಂದ್ ಲೋಡ್ ಎಷ್ಟು ಅಣ್ಣಾ?" ಅಂತ ಮಾವನಿಗೆ ಫೋನ್ ಮೇಲೆ ಫೋನ್.

ದಿನಾ ರಾತ್ರಿ ಆ ಪಟ್ಟಿ ತೆಗೆದು ಕೂರುತ್ತಿದ್ದೆ. ಬೇಡದ ಪದಗಳನ್ನು ನೆಗೆಟಿವ್ ಕೀವರ್ಡ್ ಅಂತ ಸೇರಿಸಿದರೆ ಆ ಹುಡುಕಾಟಕ್ಕೆ ನಮ್ಮ ಜಾಹೀರಾತು ಬರಲ್ಲ. ಫಿಶ್, ಅಕ್ವೇರಿಯಂ, ಸೆಪ್ಟಿಕ್, ಟ್ಯಾಂಕರ್, ಮಷಿನ್, ಲೀಟರ್. ಇದರಲ್ಲಿ ಒಂದು ಸೂಕ್ಷ್ಮ ಇದೆ. 'ಜಾಬ್' ಅಂತ ಹಾಕಿದರೆ 'ಜಾಬ್ಸ್' ತಾನಾಗೇ ನಿಲ್ಲಲ್ಲ, ಏಕವಚನ ಬಹುವಚನ ಎರಡನ್ನೂ ಬೇರೆ ಬೇರೆ ಹಾಕಬೇಕು. ಇನ್ನೊಂದು, ಪಟ್ಟಿ ಪೂರ್ತಿ ಅಲ್ಲ. ತೀರಾ ಕಮ್ಮಿ ಜನ ಹುಡುಕಿದ್ದನ್ನು ಗೂಗಲ್ 2020ರಿಂದ ತೋರಿಸುತ್ತಿಲ್ಲ. ಖರ್ಚಿನಲ್ಲಿ ಒಂದು ಪಾಲು ಯಾವುದಕ್ಕೆ ಹೋಯಿತು ಅಂತ ಗೊತ್ತಾಗುವುದೇ ಇಲ್ಲ. ಪಟ್ಟಿಯಲ್ಲಿ ಕೆಲವು ಖುಷಿಯೂ ಇದ್ದವು. ಫೋನಿನಲ್ಲಿ ಮಾತಾಡಿ ಹುಡುಕಿದವರು 'ಸಂಪು ತೊಳೆಯೋರು ನಂಬರ್' ಅಂತ ಕನ್ನಡದಲ್ಲೇ ಕೇಳಿದ್ದರು. ಅಂಥವರು ಸುಮ್ಮನೆ ವಿಚಾರಿಸುವವರಲ್ಲ, ಆ ವಾರವೇ ಕೆಲಸ ಕೊಡುವವರು. ಅವರಿಗಂತ ಬೇರೆ ಜಾಹೀರಾತು ಬರೆದೆ. ಹೆಡ್‌ಲೈನ್‌ಗೆ 30 ಅಕ್ಷರದ ಮಿತಿ ಇದೆ, ಕನ್ನಡದಲ್ಲಿ ಒತ್ತು, ಗುಣಿತಗಳೂ ಎಣಿಕೆಗೆ ಬರುವುದರಿಂದ ಜಾಗ ಬೇಗ ಮುಗಿಯುತ್ತದೆ. 'ಸ್ವಚ್ಛಗೊಳಿಸುತ್ತೇವೆ' ಅಂತ ಬರೆಯುವ ಬದಲು 'ತೊಳೆದು ಕೊಡ್ತೀವಿ' ಅಂತ ಬರೆದರೆ ಜಾಗವೂ ಉಳಿಯುತ್ತದೆ, ಕಿವಿಗೂ ಹಿತ.

ಫೋನ್ ಕರೆಗಳ ಲೆಕ್ಕ ಇಟ್ಟದ್ದು ಒಂದು ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ. ಫೋನ್ ಮಾಡಿದವರಿಗೆಲ್ಲ ಮಾವ "ನಂಬರ್ ಎಲ್ಲಿ ಸಿಕ್ತು?" ಅಂತ ಕೇಳಬೇಕು, ಬರೆಯಬೇಕು. ಏರಿಯಾ, ಕೆಲಸ ಆಯ್ತೋ ಇಲ್ಲವೋ, ಎಷ್ಟು ದುಡ್ಡು ಬಂತು, ಅಷ್ಟೇ ಕಾಲಂ. ಭಾನುವಾರ ನಾನು ಅದನ್ನು ಎಕ್ಸೆಲ್‌ಗೆ ಹಾಕುತ್ತಿದ್ದೆ. ಮೊದಲ ತಿಂಗಳು ಖರ್ಚು 3,900 ರೂಪಾಯಿ, ಆದ ಕೆಲಸ 9. ಅಂದರೆ ಒಂದು ಕೆಲಸ ತರೋದಕ್ಕೆ 430ರ ಮೇಲೆ. ಒಂದು ಸಂಪಿಗೆ ಕೂಲಿ, ಪೆಟ್ರೋಲು ಕಳೆದು ಮಾವನಿಗೆ ಉಳಿಯುತ್ತಿದ್ದದ್ದು 400ರ ಆಸುಪಾಸು. ಕೈಯಿಂದಲೇ ಹೋಗುತ್ತಿತ್ತು. ಮಾರ್ಚ್‌ನಲ್ಲಿ ಖರ್ಚು 3,700, ಕೆಲಸ 17. ಒಂದಕ್ಕೆ 218 ರೂಪಾಯಿ. ಮಾವನಿಗೆ ಖುಷಿಯೋ ಖುಷಿ. ನಾನು ಮಾತ್ರ ಪೂರ್ತಿ ನನ್ನ ಕೈಚಳಕ ಅಂದುಕೊಳ್ಳಲಿಲ್ಲ. ಆ ವರ್ಷ ಯುಗಾದಿ ಏಪ್ರಿಲ್ 9ಕ್ಕೆ. ಹಬ್ಬಕ್ಕೆ ಮೊದಲು ಮನೆ ತೊಳೆಯುವವರು ಸಂಪನ್ನೂ ತೊಳೆಸುತ್ತಾರೆ, ಅಲ್ವಾ? ಎಷ್ಟು ಹಬ್ಬದ್ದು, ಎಷ್ಟು ನೆಗೆಟಿವ್ ಕೀವರ್ಡಿನದು ಅಂತ ಬಿಡಿಸಿ ಹೇಳಲು ನನ್ನ ಹತ್ತಿರ ದಾರಿ ಇರಲಿಲ್ಲ. ಎಕ್ಸೆಲ್‌ನಲ್ಲಿ ಅದನ್ನೂ ಒಂದು ಸಾಲು ಬರೆದಿಟ್ಟೆ.

ಆಮೇಲೆ ರೆಸ್ಯೂಮೆ ಬದಲಾಯಿಸಿದೆ. ಸರ್ಟಿಫಿಕೇಟುಗಳು ಕೆಳಗೆ ಹೋದವು. ಮೇಲೆ ಒಂದು ಪುಟದಲ್ಲಿ ಟ್ಯಾಂಕ್ ಕ್ಲೀನಿಂಗ್ ಕಥೆ: ಬಜೆಟ್ ಎಷ್ಟು, ಜನ ಏನು ಹುಡುಕಿದರು, ಏನು ನಿಲ್ಲಿಸಿದೆ, ಒಂದು ಕೆಲಸದ ಖರ್ಚು ಎಷ್ಟಿದ್ದದ್ದು ಎಷ್ಟಾಯಿತು. ಸ್ಕ್ರೀನ್‌ಶಾಟ್‌ಗಳಲ್ಲಿ ಗಿರಾಕಿಗಳ ನಂಬರ್ ಅಳಿಸಿದೆ, ಮಾವನ ಒಪ್ಪಿಗೆ ಕೇಳಿದೆ. ಸ್ವಂತ ಮಾವನಾದರೂ ಕೇಳಬೇಕು, ಲೆಕ್ಕ ಅವರದು. ಈ ಪುಟ ಹೋದ ಮೇಲೆ ಫೋನ್ ಬರತೊಡಗಿದವು.

ಬಂದ ಕರೆಗಳೆಲ್ಲ ಒಳ್ಳೆಯವೇ ಅಲ್ಲ. 'ಡಿಜಿಟಲ್ ಮಾರ್ಕೆಟಿಂಗ್ ಎಕ್ಸಿಕ್ಯುಟಿವ್' ಅಂತ ಕರೆದು ಟೆಲಿಕಾಲಿಂಗ್‌ಗೆ ಕೂರಿಸುವ ಕಂಪನಿಗಳಿವೆ. ಅದಕ್ಕಿಂತ ಕೆಟ್ಟದ್ದು, ವಾಟ್ಸ್ಆಪ್, ಟೆಲಿಗ್ರಾಂನಲ್ಲಿ ಬರುವ 'ವಿಡಿಯೊ ಲೈಕ್ ಮಾಡಿ ದುಡ್ಡು ಗಳಿಸಿ' ಅನ್ನುವವರು. ಮೊದಲು ನೂರಿನ್ನೂರು ಹಾಕುತ್ತಾರೆ, ಆಮೇಲೆ 'ಟಾಸ್ಕ್' ಅಂತ ನಿಮ್ಮಿಂದಲೇ ಕಟ್ಟಿಸಿಕೊಳ್ಳುತ್ತಾರೆ. ಅದು ಡಿಜಿಟಲ್ ಮಾರ್ಕೆಟಿಂಗ್ ಅಲ್ಲ, ಮೋಸ. ದುಡ್ಡು ಹೋಗಿದ್ದರೆ ತಕ್ಷಣ 1930ಕ್ಕೆ ಫೋನ್ ಮಾಡಿ, ಅದು ಸೈಬರ್ ಅಪರಾಧದ ಸಹಾಯವಾಣಿ. ತಡ ಮಾಡಿದಷ್ಟೂ ದುಡ್ಡು ಕೈಗೆ ಸಿಗುವುದು ಕಷ್ಟ.

ನನಗೆ ಕೆಲಸ ಕೊಟ್ಟ ಏಜೆನ್ಸಿಯ ಇಂಟರ್ವ್ಯೂ ಅರ್ಧ ಇಂಗ್ಲಿಷ್, ಅರ್ಧ ಕನ್ನಡದಲ್ಲಿ ನಡೆಯಿತು. ಒಂದು ಹಲ್ಲಿನ ಕ್ಲಿನಿಕ್‌ನ ಸರ್ಚ್ ಟರ್ಮ್ಸ್ ಶೀಟ್ ಕೊಟ್ಟು, ಯಾವುದನ್ನು ನಿಲ್ಲಿಸುತ್ತೀರಿ ಅಂದರು. ಮೊದಲು ಪಿವಟ್ ಟೇಬಲ್ (ಶೀಟಿನ ಅಂಕಿಗಳನ್ನು ಗುಂಪು ಮಾಡಿ ಕೂಡಿಸುವ ಪಟ್ಟಿ) ಮಾಡಿ ಯಾವ ಪದಕ್ಕೆ ಎಷ್ಟು ದುಡ್ಡು ಹೋಗಿದೆ ಅಂತ ಜೋಡಿಸಿದೆ. ಬಿಡಿಎಸ್ ಸೀಟು, ಡೆಂಟಲ್ ಕಾಲೇಜ್ ಫೀಸ್, ಇವೆಲ್ಲ ಹೊರಗೆ. ದಾವಣಗೆರೆಯಲ್ಲಿ ಬೆಳೆದವಳಿಗೆ ಡೆಂಟಲ್ ಕಾಲೇಜ್ ವಿಷಯ ಹೇಳಿಕೊಡಬೇಕೇ! 'ರೂಟ್ ಕೆನಾಲ್ ಪ್ರೈಸ್' ಹತ್ತಿರ ನಿಂತೆ. ಮಾವನ ಅಕೌಂಟಿನಲ್ಲಿ 'ಪ್ರೈಸ್' ಅಂತ ಕಂಡದ್ದು ಹೆಚ್ಚಾಗಿ ಟ್ಯಾಂಕು, ಮಷಿನು ಕೊಳ್ಳುವವರದು, ಅದನ್ನು ತೆಗೆದಿದ್ದೆ. ಇಲ್ಲಿ ಹಾಗಲ್ಲ. ರೂಟ್ ಕೆನಾಲ್ ರೇಟ್ ಕೇಳುವವನಿಗೆ ಹಲ್ಲು ನೋಯುತ್ತಿರುತ್ತದೆ. ಅದನ್ನು ಉಳಿಸಿದೆ, ಯಾಕೆ ಅಂತ ಹೇಳಿದೆ. ಆಮೇಲೆ ಅವರು ನನ್ನ ಪುಟ ತೆಗೆದು, ಮಾರ್ಚ್‌ನಲ್ಲಿ ಕೆಲಸ ಇಷ್ಟು ಏರಿದ್ದು ಹೇಗೆ ಅಂತ ಕೇಳಿದರು. ಯುಗಾದಿ ವಿಷಯ ಹೇಳಿದೆ. ಇಂಟರ್ವ್ಯೂ ಮಾಡಿದವರು ನಕ್ಕು, ಮುಂದೆ ಆ ಬಗ್ಗೆಯೇ ಜಾಸ್ತಿ ಮಾತಾಡಿದರು. ಸೀಸನ್‌ನಿಂದ ಬಂದದ್ದನ್ನು ತಮ್ಮದೇ ಸಾಧನೆ ಅಂತ ರಿಪೋರ್ಟ್ ಬರೆಯುವವರು ಈ ಲೈನಿನಲ್ಲಿ ಎಷ್ಟು ಜನ ಅಂತ ನನಗೆ ಒಳಗೆ ಹೋದ ಮೇಲೆ ಗೊತ್ತಾಯಿತು.

ಸಂಬಳ ತಿಂಗಳಿಗೆ 18 ಸಾವಿರದಿಂದ ಶುರು. ಪಿಜಿ ಬಾಡಿಗೆ, ಬಸ್ಸು, ಊಟ ಕಳೆದರೆ ಏನೂ ಉಳಿಯುತ್ತಿರಲಿಲ್ಲ. ಮೊದಮೊದಲು ಕೊಟ್ಟದ್ದು ಬೇರೆಯವರ ಅಕೌಂಟಿನ ರಿಪೋರ್ಟ್ ಜೋಡಿಸುವ ಕೆಲಸ, ಬೇಸರದ ಕೆಲಸವೇ. ಕನ್ನಡ ಬರೆಯಲು ಬರುತ್ತದೆ ಅಂತ ಗೊತ್ತಾದ ಮೇಲೆ ಸ್ವಲ್ಪ ಬೇಗ ಕ್ಲೈಂಟ್ ಕೆಲಸ ಸಿಕ್ಕಿತು. ಜಿಲ್ಲೆಗಳ ಕ್ಲೈಂಟ್‌ಗಳು ಪ್ರಿಂಟಿಂಗ್ ಪ್ರೆಸ್‌ನಲ್ಲಿ ಮಾಡಿಸಿದ ಪಾಂಪ್ಲೆಟ್ಟಿನ ಫೈಲ್ ಕಳಿಸುತ್ತಿದ್ದರು. ಹಳೇ ನುಡಿ ಫಾಂಟಿನದು, ಕಾಪಿ ಮಾಡಿದರೆ ಬರೀ ಚಿತ್ರವಿಚಿತ್ರ ಇಂಗ್ಲಿಷ್ ಅಕ್ಷರ. ಆಫೀಸಿನಲ್ಲಿ ಫೈಲ್ ಕೆಟ್ಟಿದೆ ಅಂದುಕೊಂಡಿದ್ದರು. ಯಾವ ಫೋನ್, ಕಂಪ್ಯೂಟರಿನಲ್ಲೂ ಸರಿಯಾಗಿ ಕಾಣುವ ಯೂನಿಕೋಡ್‌ಗೆ ಬದಲಾಯಿಸಿ ಕೊಟ್ಟೆ. ಕಾಲೇಜಿನಲ್ಲಿದ್ದಾಗ ಡಿಟಿಪಿ ಅಂಗಡಿಯಲ್ಲಿ ಕೂತು ಕಲಿತದ್ದು ಅಲ್ಲಿ ಉಪಯೋಗಕ್ಕೆ ಬಂತು.

ಈಗ ಹೊಸಬರ ಇಂಟರ್ವ್ಯೂನಲ್ಲಿ ನಾನೂ ಕೂರುತ್ತೇನೆ. ಹೂವಿನ ಅಂಗಡಿಯದೋ, ಟ್ಯೂಷನ್‌ನದೋ, ಅಡುಗೆ ಕಂಟ್ರಾಕ್ಟರ್‌ನದೋ, ಒಂದು ಅಕೌಂಟನ್ನು ಕೈಯಾರೆ ನಡೆಸಿದವರ ಜೊತೆ ಅರ್ಧ ಗಂಟೆ ಸಲೀಸಾಗಿ ಮಾತು ಸಾಗುತ್ತದೆ. ಬಜೆಟ್ ಎಷ್ಟು ಸಣ್ಣದಿತ್ತು ಅಂತ ನಾನು ನೋಡಲ್ಲ. ಯಾರ ಅಕೌಂಟೂ ಸಿಗದಿದ್ದರೆ ಮೆಟಾದ ಆ್ಯಡ್ ಲೈಬ್ರರಿಗೆ (ಫೇಸ್‌ಬುಕ್, ಇನ್‌ಸ್ಟಾಗ್ರಾಂ ಜಾಹೀರಾತುಗಳ ಸಂಗ್ರಹ) ಹೋಗಿ, ಯಾರು ಬೇಕಾದರೂ ನೋಡಬಹುದು. ನಿಮ್ಮ ಊರಿನ ಬಟ್ಟೆ ಅಂಗಡಿಗಳು ಈಗ ಯಾವ ಜಾಹೀರಾತು ಹಾಕಿವೆ ಅಂತ ನೋಡಿ, ನೀವಾಗಿದ್ದರೆ ಏನು ಬದಲಾಯಿಸುತ್ತಿದ್ದಿರಿ ಅಂತ ಬರೆದು ತನ್ನಿ. ಅದೂ ನಡೆಯುತ್ತದೆ.

ಆಫರ್ ಬಂದಾಗ ನೀವೂ ಕೇಳಿ. ಯಾವ ಅಕೌಂಟ್ ಕೈಗೆ ಕೊಡ್ತೀರಿ, ಯಾರ ಕೆಳಗೆ ಕೆಲಸ, ಜಾಹೀರಾತಿಗೆ ನಿಜವಾಗಿ ದುಡ್ಡು ಹಾಕೋ ಕ್ಲೈಂಟ್‌ಗಳು ಇದ್ದಾರಾ, ಅಥವಾ ದಿನಾ ಹಬ್ಬದ ಪೋಸ್ಟರ್ ಮಾಡೋದೇ ಕೆಲಸವಾ? ಟ್ರೈನಿಂಗ್ ಡಿಪಾಸಿಟ್ ಕೇಳಿದರೆ ಎದ್ದು ಬನ್ನಿ. ಬಾಂಡ್ ಅಂತ ಹೇಳಿ ಒರಿಜಿನಲ್ ಮಾರ್ಕ್ಸ್ ಕಾರ್ಡ್ ಇಟ್ಟುಕೊಳ್ಳುತ್ತೇವೆ ಅಂದರೆ ಕೊಡಬೇಡಿ, ಜೆರಾಕ್ಸ್ ಕೊಡಿ, ಒರಿಜಿನಲ್ ತೋರಿಸಿ ವಾಪಸ್ ತೆಗೆದುಕೊಳ್ಳಿ.