ರೆಡಿಮೇಡ್ ಸಾಹಸ: ಕೊಳ್ಳುವ ಮುನ್ನ, ಕೊಂಡ ಮೇಲೆ

ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನಂಥ ಪಾತ್ರ ವಹಿಸುವ ಆಟವನ್ನು ಆನ್‌ಲೈನಿನಲ್ಲಿ ಆಡಲು ಐದು ಜನ ಲಾಗಿನ್ ಆಗಿ ಕಾಯುತ್ತಿರುತ್ತಾರೆ. ಆಟ ನಡೆಸುವ ಗೇಮ್ ಮಾಸ್ಟರ್ ಮೊದಲ ಮ್ಯಾಪ್ ತೆರೆಯುತ್ತಾರೆ. ಇಬ್ಬರಿಗೆ ಬರೀ ಕಪ್ಪು ಪರದೆ. ಮೂರನೆಯವರಿಗೆ ಇಡೀ ನೆಲಮಾಳಿಗೆ ಕಾಣಿಸುತ್ತದೆ, ಕೊನೆಯ ಕೋಣೆಯಲ್ಲಿ ಕೂತ ರಾಕ್ಷಸನ ಸಮೇತ. ಮುಂದಿನ ನಲವತ್ತು ನಿಮಿಷ ಸೆಟ್ಟಿಂಗ್ಸ್ ಹುಡುಕುವುದರಲ್ಲೇ ಹೋಗುತ್ತದೆ. ಅಂದು ಆಟ ನಡೆಯಲಿಲ್ಲವೆಂದರೆ ಬೈಗುಳವೆಲ್ಲ ದುಡ್ಡು ಕೊಟ್ಟು ತಂದ ಸಾಹಸಕ್ಕೆ, ಅಂದರೆ ಕತೆ, ಮ್ಯಾಪ್, ಜೀವಿಗಳನ್ನು ಮೊದಲೇ ಸಿದ್ಧಪಡಿಸಿ ಮಾರುವ ಪೊಟ್ಟಣಕ್ಕೆ. ಆದರೆ ಬಹಳ ಸಲ ತಪ್ಪು ಬೇರೆ ಕಡೆ ಇರುತ್ತದೆ: ಪೊಟ್ಟಣದಲ್ಲಿ ಏನಿದೆ ಎಂದು ನೋಡದೆ ಕೊಂಡಿರುತ್ತಾರೆ, ಇಲ್ಲವೇ ಒಮ್ಮೆಯೂ ಓಡಿಸಿ ನೋಡದೆ ಆಡಿಸಲು ಕೂತಿರುತ್ತಾರೆ.

ಕೊಳ್ಳಬೇಕೇ, ಬೇಡವೇ?

ರೆಡಿಮೇಡ್ ಡಿಜಿಟಲ್ ಸಾಹಸಕ್ಕೆ ಕೊಡುವ ದುಡ್ಡಿನಲ್ಲಿ ಕತೆಯ ಬೆಲೆ ಕಡಿಮೆ, ಕೂಲಿಯ ಪಾಲು ಜಾಸ್ತಿ. ಲೆಕ್ಕ ಹಾಕಿ ನೋಡಿ. ಇಪ್ಪತ್ತು ಕೋಣೆಗಳ ನೆಲಮಾಳಿಗೆಯೊಂದಕ್ಕೆ ಗೋಡೆ, ಬಾಗಿಲು, ದೀಪ ಕೂರಿಸಲು ಕೈ ಪಳಗಿದವರಿಗೂ ಮುಕ್ಕಾಲು ಗಂಟೆ ಬೇಕು. ಹೊಸ ಜೀವಿಯೊಂದರ ಬಲಾಬಲ, ದಾಳಿ, ಮಂತ್ರಗಳನ್ನು ಕ್ಯಾರೆಕ್ಟರ್ ಶೀಟಿಗೆ ತುಂಬಲು ಹತ್ತು ನಿಮಿಷ. ಎಂಟು ಮ್ಯಾಪ್, ಹದಿನೈದು ಹೊಸ ಜೀವಿಗಳಿರುವ ಸಾಹಸವನ್ನು ನೀವೇ ಕಟ್ಟಲು ಹೊರಟರೆ ಎಂಟೂವರೆ ಗಂಟೆ. ಕತೆ ಓದುವ ಹೊತ್ತು ಇದರಲ್ಲಿ ಸೇರಿಲ್ಲ. ಆ ಎಂಟೂವರೆ ಗಂಟೆಯನ್ನು ಇನ್ನೊಬ್ಬರು ಸರಿಯಾಗಿ ದುಡಿದು ಕೊಟ್ಟಿದ್ದರೆ ಕೊಳ್ಳಿ, ಕಣ್ಣು ಮುಚ್ಚಿ ಕೊಳ್ಳಬಹುದು. ದುಡಿಯದೆ ಬರೀ ಕತೆ ಕೊಟ್ಟಿದ್ದರೆ ಅದು ಡಿಜಿಟಲ್ ಸಾಹಸವಲ್ಲ, ಪುಸ್ತಕ. ಪುಸ್ತಕದ ಬೆಲೆಯಷ್ಟೇ ಕೊಡಿ.

ಒಂದೇ ಸಂಜೆಯಲ್ಲಿ ಮುಗಿಯುವ ಒನ್‌ಶಾಟ್‌ಗೆ ದೊಡ್ಡ ಮಾಡ್ಯೂಲ್, ಅಂದರೆ ಹೀಗೆ ಕಟ್ಟಿಕೊಟ್ಟ ಸಾಹಸ, ತರುವುದು ಮೂಗಿಗಿಂತ ಮೂಗುತಿ ಭಾರ ಎಂಬಂತೆ. ಮ್ಯಾಪೇ ಇಲ್ಲದೆ ಮಾತಿನಲ್ಲೇ ಕಾಳಗ ನಡೆಸುವ ಗುಂಪಿಗೂ ಇದು ಬೇಡ. ಅರ್ಧಕ್ಕರ್ಧ ಕತೆ ಬದಲಿಸುವ ಅಭ್ಯಾಸದವರು ಬಿಡಿ ಮ್ಯಾಪ್, ಬಿಡಿ ಟೋಕನ್ (ಮ್ಯಾಪ್ ಮೇಲೆ ಪಾತ್ರ, ಜೀವಿಗಳನ್ನು ತೋರಿಸುವ ಬಿಲ್ಲೆ) ಕೊಂಡರೆ ಸಾಕು.

ಮೊದಲ ಹೆಜ್ಜೆ: ಪೊಟ್ಟಣದೊಳಗೆ ಏನಿದೆ?

ಅಂಗಡಿಗಳು ಮೂರು ಬೇರೆ ಬೇರೆ ಸರಕಿಗೆ ‘ಡಿಜಿಟಲ್ ಸಾಹಸ’ ಎಂಬ ಒಂದೇ ಚೀಟಿ ಅಂಟಿಸುತ್ತವೆ. ಒಂದು, ಬರೀ ಪಿಡಿಎಫ್. ಎರಡು, ಪಿಡಿಎಫ್ ಜೊತೆಗೆ ಮ್ಯಾಪ್ ಚಿತ್ರಗಳ ಜಿಪ್ ಫೈಲ್. ಮೂರು, ರೋಲ್20, ಫೌಂಡ್ರಿ, ಫ್ಯಾಂಟಸಿ ಗ್ರೌಂಡ್ಸ್‌ನಂಥ ವರ್ಚುವಲ್ ಟೇಬಲ್‌ಗೆಂದೇ, ಅಂದರೆ ಆನ್‌ಲೈನಿನಲ್ಲಿ ಆಟ ನಡೆಸುವ ವಿಟಿಟಿ ತಂತ್ರಾಂಶಕ್ಕೆಂದೇ, ಕಟ್ಟಿದ ಮಾಡ್ಯೂಲ್. ಮೇಲೆ ಹೇಳಿದ ಕೂಲಿ ಇರುವುದು ಮೂರನೆಯದರಲ್ಲಿ ಮಾತ್ರ. ಸರಕಿನ ವಿವರಣೆಯಲ್ಲಿ ಗೋಡೆ, ಲೈಟಿಂಗ್, ಟೋಕನ್, ಜರ್ನಲ್ (ಕತೆಯ ಪುಟ, ಪತ್ರ, ಚಿತ್ರಗಳ ಕಡತ) ಈ ನಾಲ್ಕರ ಪ್ರಸ್ತಾಪ ಇದೆಯೇ ನೋಡಿ. ‘ಎಲ್ಲ ವಿಟಿಟಿಗಳಲ್ಲೂ ಬಳಸಬಹುದು’ ಎಂದು ಬರೆದಿದ್ದರೆ ಅದು ಎರಡನೆಯದು ಎಂದೇ ತಿಳಿಯಿರಿ. ಜೆಪೆಗ್ ಚಿತ್ರ ಎಲ್ಲಿ ತಾನೆ ತೆರೆಯುವುದಿಲ್ಲ?

ಎರಡನೆಯ ಬಗೆಯದನ್ನೇ ಕೊಳ್ಳುವುದಾದರೆ ಆಟಗಾರರಿಗೆಂದು ಬೇರೆ ಮ್ಯಾಪ್ ಇರಲೇಬೇಕು: ಕೋಣೆಯ ನಂಬರ್ ಇಲ್ಲದ್ದು, ಗುಪ್ತ ಬಾಗಿಲ ಗುರುತು ಇಲ್ಲದ್ದು. ಅದಿಲ್ಲದ ಸಾಹಸ ಪುಕ್ಕಟೆಗೂ ಬೇಡ. ಗೋಡೆಯ ಮೇಲೆ ‘ಎಸ್’ ಎಂದು ಅಚ್ಚಾಗಿರುವ ಗುಪ್ತ ಬಾಗಿಲನ್ನು ಯಾರಿಂದ ಬಚ್ಚಿಡುತ್ತೀರಿ? ಜಿಪ್‌ನಲ್ಲಿ ಯೂನಿವರ್ಸಲ್ ವಿಟಿಟಿ ಫೈಲ್ ಇದ್ದರೆ ಲಾಭ. ಹೆಸರಿನ ಕೊನೆಯಲ್ಲಿ ಡಿಡಿ2ವಿಟಿಟಿ ಅಥವಾ ಯುವಿಟಿಟಿ ಎಂದಿರುತ್ತದೆ. ಡಂಜನ್‌ಡ್ರಾಫ್ಟ್‌ನಂಥ ತಂತ್ರಾಂಶದಲ್ಲಿ ಮ್ಯಾಪ್ ಬಿಡಿಸಿದವರು ಹಾಕಿದ ಗೋಡೆ, ದೀಪ ಎಲ್ಲ ಅದರೊಳಗೇ ಇರುತ್ತವೆ. ಫೌಂಡ್ರಿಗೆ ಅದನ್ನು ಎಳೆದುಕೊಳ್ಳುವ ಆ್ಯಡ್-ಆನ್‌ಗಳು ಉಚಿತವಾಗಿ ಸಿಗುತ್ತವೆ. ಗೋಡೆ ಕೆಲಸದ ಬಹುಪಾಲು ಅಲ್ಲಿಗೇ ಮುಗಿಯಿತು. ‘ಸಾವಿರ ಮ್ಯಾಪ್‌ಗಳ ಮಹಾ ಬಂಡಲ್’ಗಳ ಗೊಡವೆ ಮಾತ್ರ ಬೇಡ. ಒಂದೇ ಗುಹೆಗೆ ಹಗಲು, ರಾತ್ರಿ, ಹಿಮ, ಬೆಂಕಿ ಎಂದು ಬಣ್ಣ ಬದಲಿಸಿ ಲೆಕ್ಕ ತುಂಬಿಸಿರುತ್ತಾರೆ.

ಒಂದು ವೇದಿಕೆಯಲ್ಲಿ ಕೊಂಡದ್ದು ಸಾಮಾನ್ಯವಾಗಿ ಇನ್ನೊಂದಕ್ಕೆ ಬರುವುದಿಲ್ಲ. ಎಲ್ಲಿ ಆಡಿಸುತ್ತೀರೋ ಅಲ್ಲೇ ಕೊಳ್ಳಿ. ನಿಯಮಾವಳಿಯ ಆವೃತ್ತಿಯನ್ನೂ ನೋಡಿ: ಡಿ ಅಂಡ್ ಡಿ (ಡಂಜನ್ಸ್ ಅಂಡ್ ಡ್ರ್ಯಾಗನ್ಸ್) ಐದನೇ ಆವೃತ್ತಿಯಲ್ಲೇ 2014ರ ನಿಯಮಗಳು ಬೇರೆ, 2024ರ ಪರಿಷ್ಕೃತ ನಿಯಮಗಳು ಬೇರೆ. ಫೌಂಡ್ರಿಯವರಿಗೆ ಇನ್ನೊಂದು ತಪಾಸಣೆ ಇದೆ. ಮಾಡ್ಯೂಲ್ ಪುಟದಲ್ಲಿ ಬರೆದಿರುವ ಹೊಂದಾಣಿಕೆಯ ಆವೃತ್ತಿ, ನಿಮ್ಮಲ್ಲಿರುವ ಫೌಂಡ್ರಿಯ ಆವೃತ್ತಿ, ಆಟದ ಸಿಸ್ಟಂನ ಆವೃತ್ತಿ ಮೂರೂ ಕೂಡಿ ಬರಬೇಕು. ಮಾಡ್ಯೂಲ್ ಹಿಂದುಳಿದಿದ್ದರೆ, ತಯಾರಕರು ಅಪ್‌ಡೇಟ್ ಕೊಡುವ ತನಕ ದುಡ್ಡು ಕಿಸೆಯಲ್ಲೇ ಇರಲಿ.

ಆ ತಯಾರಕರದೇ ಉಚಿತ ಒನ್‌ಶಾಟ್ ಇದ್ದರೆ ಮೊದಲು ಅದನ್ನು ಇಳಿಸಿಕೊಳ್ಳಿ. ಅದರ ಗೋಡೆ ಸೊಟ್ಟಗಿದ್ದರೆ ದುಡ್ಡು ಕೊಟ್ಟದ್ದರ ಗೋಡೆಯೂ ನೇರ ಇರುವುದಿಲ್ಲ.

ಎರಡನೆಯ ಹೆಜ್ಜೆ: ಒಳಗೆ ತರುವುದು

ಹೊಸ ಗೇಮ್‌ಗೆ, ಫೌಂಡ್ರಿಯಾದರೆ ಹೊಸ ವರ್ಲ್ಡ್‌ಗೆ ತನ್ನಿ. ಈಗಾಗಲೇ ನಡೆಯುತ್ತಿರುವ, ಹಲವು ಸೆಷನ್‌ಗಳ ಕ್ಯಾಂಪೇನ್‌ಗೆ ಸುರಿಯಬೇಡಿ. ಫೌಂಡ್ರಿಯಲ್ಲಿ ಇನ್‌ಸ್ಟಾಲ್ ಮಾಡಿದ ಮಾತ್ರಕ್ಕೆ ಏನೂ ಕಾಣಿಸುವುದಿಲ್ಲ. ವರ್ಲ್ಡ್‌ನೊಳಗೆ ಹೋಗಿ ಮಾಡ್ಯೂಲನ್ನು ಆನ್ ಮಾಡಬೇಕು, ಆಮೇಲೆ ಅಡ್ವೆಂಚರನ್ನು ಇಂಪೋರ್ಟ್ ಮಾಡಬೇಕು. ಮುಗಿದ ಕೂಡಲೇ ಒಂದು ಬ್ಯಾಕಪ್.

ಮೂರನೆಯ ಹೆಜ್ಜೆ: ಆಟಗಾರರ ಕಣ್ಣಿಂದ ನೋಡುವುದು

ಎಲ್ಲರೂ ಮುಗ್ಗರಿಸುವುದು ಇಲ್ಲೇ, ಏಕೆಂದರೆ ಗೇಮ್ ಮಾಸ್ಟರ್‌ಗೆ ಎಲ್ಲವೂ ಕಾಣುತ್ತದೆ. ಆಟಗಾರರಿಗೆ ಏನು ಕಾಣುವುದಿಲ್ಲ ಎಂಬುದು ಆ ಕುರ್ಚಿಯಿಂದ ತಿಳಿಯುವುದೇ ಇಲ್ಲ. ಬ್ರೌಸರ್‌ನ ಇನ್‌ಕಾಗ್ನಿಟೊ ಕಿಟಕಿ ತೆರೆದು, ಬೇರೆ ಖಾತೆಯಿಂದ ಸಾಮಾನ್ಯ ಆಟಗಾರನಾಗಿ ಒಳಗೆ ಬನ್ನಿ. ಆ ಖಾತೆಗೊಂದು ಪಾತ್ರ ಕೊಡಿ. ಪರದೆಯ ಎಡಕ್ಕೆ ಮಾಸ್ಟರ್, ಬಲಕ್ಕೆ ಆಟಗಾರ. ಹೀಗೆ ಇಟ್ಟುಕೊಂಡು ಪ್ರತಿ ಮ್ಯಾಪಿನಲ್ಲೂ ಒಮ್ಮೆ ನಡೆದಾಡಿ. ವೇದಿಕೆಯೇ ಕೊಡುವ ‘ಆಟಗಾರನಾಗಿ ನೋಡು’ ಬಗೆಯ ಬಟನ್ ಅವಸರಕ್ಕೆ ಆದೀತು, ಆದರೆ ಯಾರಿಗೆ ಏನು ಕಾಣಬೇಕೆಂಬ ಅನುಮತಿಯ ಎಡವಟ್ಟುಗಳೆಲ್ಲ ಅದರಲ್ಲಿ ಸಿಕ್ಕಿಬೀಳುವುದಿಲ್ಲ.

ಬಲಗಡೆ ಕಪ್ಪು ಪರದೆ ಬಂದರೆ ಕಾರಣ ಸಾಮಾನ್ಯವಾಗಿ ಮೂರರಲ್ಲೊಂದು. ಆ ಪಾತ್ರ ಆಟಗಾರನ ಒಡೆತನದಲ್ಲಿಲ್ಲ. ಅಥವಾ ಟೋಕನ್‌ಗೆ ದೃಷ್ಟಿ, ಅಂದರೆ ವಿಷನ್, ಆನ್ ಆಗಿಲ್ಲ. ಅಥವಾ ಎರಡೂ ಸರಿ ಇದೆ, ಆದರೆ ಮ್ಯಾಪ್ ಕತ್ತಲೆಯದು, ಪಾತ್ರಕ್ಕೆ ಕತ್ತಲಲ್ಲಿ ನೋಡುವ ಶಕ್ತಿ ಇಲ್ಲ, ಕೈಯಲ್ಲಿ ಪಂಜೂ ಇಲ್ಲ. ಫೌಂಡ್ರಿಯಲ್ಲಿ ಇದನ್ನು ಸರಿಪಡಿಸುವಾಗ ಒಂದು ಗುಂಡಿ ಇದೆ, ಬೀಳದವರೇ ಕಡಿಮೆ. ಪಾತ್ರದ ಪ್ರೊಟೊಟೈಪ್ (ಅಚ್ಚಿನಂಥ ಮಾದರಿ) ಟೋಕನ್‌ನಲ್ಲಿ ವಿಷನ್ ಆನ್ ಮಾಡಿದರೆ ಅದು ಮುಂದೆ ಇಡುವ ಟೋಕನ್‌ಗಳಿಗೆ ಮಾತ್ರ ಅನ್ವಯ. ಮ್ಯಾಪ್ ಮೇಲೆ ಈಗಾಗಲೇ ಇಟ್ಟ ಟೋಕನ್ ಹಳೆಯ ಸೆಟ್ಟಿಂಗನ್ನೇ ಹಿಡಿದುಕೊಂಡಿರುತ್ತದೆ. ಅದನ್ನು ಅಳಿಸಿ ಹೊಸದಾಗಿ ಎಳೆದು ತನ್ನಿ. ರೋಲ್20ಯಲ್ಲೂ ಟೋಕನನ್ನು ಪಾತ್ರಕ್ಕೆ ಜೋಡಿಸಿ, ದೃಷ್ಟಿ ಕೊಟ್ಟು, ಅದನ್ನೇ ಪಾತ್ರದ ಡಿಫಾಲ್ಟ್ ಟೋಕನ್ ಎಂದು ಉಳಿಸದಿದ್ದರೆ ಮುಂದಿನ ಮ್ಯಾಪಿನಲ್ಲಿ ಮತ್ತೆ ಇದೇ ಗೋಳು. ರೋಲ್20ಯ ಡೈನಾಮಿಕ್ ಲೈಟಿಂಗ್ (ಗೋಡೆ, ದೀಪಕ್ಕೆ ತಕ್ಕಂತೆ ಕಾಣುವುದನ್ನು ಬದಲಿಸುವ ಸೌಲಭ್ಯ) ನಿಮ್ಮ ಖಾತೆಗೆ ಇದೆಯೇ ಎಂಬುದನ್ನು ಸಾಹಸ ಕೊಳ್ಳುವ ಮುಂಚೆಯೇ ನೋಡಿಕೊಳ್ಳಿ.

ಉಲ್ಟಾ ಕಾಯಿಲೆ, ಎಲ್ಲವೂ ಕಾಣುವುದು. ಸೀನ್‌ನಲ್ಲೇ (ಫೌಂಡ್ರಿಯಲ್ಲಿ ಒಂದೊಂದು ಮ್ಯಾಪಿಗೂ ಈ ಹೆಸರು) ಟೋಕನ್ ವಿಷನ್ ಆಫ್ ಆಗಿದ್ದರೆ ಇಡೀ ಮ್ಯಾಪ್ ಬಯಲು. ಅದು ಆನ್ ಇದ್ದೂ ಪಕ್ಕದ ಕೋಣೆಯಿಂದ ಸಣ್ಣ ಗೀರಿನಂತೆ ಬೆಳಕು ತೂರುತ್ತಿದ್ದರೆ ಎರಡು ಗೋಡೆಗಳ ತುದಿ ಮೂಲೆಯಲ್ಲಿ ಕೂಡಿಲ್ಲ ಎಂದರ್ಥ. ಒಂದೆರಡು ಪಿಕ್ಸೆಲ್ ಸಂದು ಸಾಕು. ದೊಡ್ಡ ದೀಪ ಹಿಡಿದ ಟೋಕನ್ ಒಂದನ್ನು ಮೂಲೆ ಮೂಲೆಗೂ ಒಯ್ದರೆ ಸಂದುಗಳೆಲ್ಲ ತಾವಾಗಿ ಕಣ್ಣಿಗೆ ಬೀಳುತ್ತವೆ. ಗೋಡೆಯ ತುದಿಯ ಚುಕ್ಕಿಯನ್ನು ಎಳೆದು ಪಕ್ಕದ ಚುಕ್ಕಿಯ ಮೇಲೆ ಕೂರಿಸಿ. ಹೊಸದಾಗಿ ಗೋಡೆ ಎಳೆಯಬೇಕಿದ್ದರೆ ಫೌಂಡ್ರಿಯಲ್ಲಿ ಕಂಟ್ರೋಲ್ ಕೀ ಒತ್ತಿಕೊಂಡೇ ಎಳೆಯಿರಿ, ಒಂದರ ತುದಿಯಿಂದಲೇ ಇನ್ನೊಂದು ಶುರುವಾಗುತ್ತದೆ, ಸಂದು ಬೀಳುವ ಮಾತೇ ಇಲ್ಲ.

ಕಂಬ, ವಿಗ್ರಹ, ಬಂಡೆಗಳ ಸುತ್ತ ಮಾಮೂಲಿ ಗೋಡೆ ಹಾಕಿದ ಮಾಡ್ಯೂಲ್‌ಗಳು ಬಹಳ. ಆಗ ಕಂಬದ ಹಿಂದಿನದು ಮರೆಯಾಗುವುದು ಸರಿ, ಕಂಬವೇ ಕಪ್ಪು ಚೌಕವಾಗಿಬಿಡುತ್ತದೆ. ಫೌಂಡ್ರಿಯ ಟೆರೇನ್ ಗೋಡೆ ಇರುವುದು ಇದಕ್ಕೇ. ದೃಷ್ಟಿ ಅದರ ಮೊದಲ ಗೆರೆಯನ್ನು ದಾಟುತ್ತದೆ, ಎರಡನೆಯದಕ್ಕೆ ತಡೆಯಾಗುತ್ತದೆ. ಹಾಗಾಗಿ ಕಂಬ ಕಾಣುತ್ತದೆ, ಅದರ ಹಿಂದೆ ಅಡಗಿದವನು ಕಾಣುವುದಿಲ್ಲ. ಗೋಡೆಯನ್ನು ಆರಿಸಿ ಬಗೆ ಬದಲಿಸಲು ಅರ್ಧ ನಿಮಿಷ. ವಿಗ್ರಹಗಳ ಸಭಾಂಗಣ ಇರುವ ಸಾಹಸದಲ್ಲಿ ಈ ಅರ್ಧ ನಿಮಿಷ ಉಳಿಸಲೇಬೇಡಿ.

ಬಾಗಿಲುಗಳನ್ನು ಬಲಗಡೆಯ ಕಿಟಕಿಯಿಂದಲೇ ಒಂದೊಂದಾಗಿ ಒತ್ತಿ. ಬೀಗ ಹಾಕಿರಬೇಕಾದ್ದು ತೆರೆದುಕೊಂಡರೆ, ಗುಪ್ತ ಬಾಗಿಲ ಚಿಹ್ನೆ ಆಟಗಾರನ ಕಡೆ ಕಾಣಿಸಿದರೆ ಅಲ್ಲೇ ತಿದ್ದಿ.

ಆಮೇಲೆ ಹೆಸರುಗಳು. ಛತ್ರದ ಯಜಮಾನನ ವೇಷದಲ್ಲಿರುವ ರಕ್ತಪಿಪಾಸುವಿನ ಟೋಕನ್ ಮೇಲೆ ‘ವ್ಯಾಂಪೈರ್’ ಎಂದು ತೇಲುತ್ತಿದ್ದರೆ ಮೂರು ಸೆಷನ್‌ಗಳ ರಹಸ್ಯ ಒಂದೇ ಕ್ಷಣದಲ್ಲಿ ಮುಗಿಯಿತು. ಮೌಸ್ ಒಯ್ದಾಗ ಏನು ಬರುತ್ತದೆ, ಪ್ರಾಣಬಲದ ಪಟ್ಟಿ ಯಾರಿಗೆ ಕಾಣುತ್ತದೆ, ಎರಡನ್ನೂ ನೋಡಿ. ಸೀನ್‌ನ ಹೆಸರನ್ನು ಮರೆಯುವವರೇ ಜಾಸ್ತಿ. ಪರದೆಯ ಮೇಲುಗಡೆ ‘ಮಂತ್ರಿಯ ದ್ರೋಹ’ ಎಂದು ಬರೆದಿದ್ದರೆ ಮಂತ್ರಿಯ ಗತಿ ಏನು? ಫೌಂಡ್ರಿಯಲ್ಲಿ ಆಟಗಾರರಿಗೆ ತೋರಿಸುವ ಹೆಸರಿಗೇ ಬೇರೆ ಜಾಗ ಇದೆ, ಅಲ್ಲಿ ‘ಅರಮನೆ’ ಎಂದಷ್ಟೇ ಹಾಕಿ. ಜರ್ನಲ್ ಪಟ್ಟಿಯೂ ಹಾಗೇ: ಬಲಗಡೆ ಕಾಣಬೇಕಾದ್ದು ನೀವೇ ಹಂಚಿದ ಪತ್ರ, ಚಿತ್ರ ಮಾತ್ರ.

ಗ್ರಿಡ್, ಅಂದರೆ ವೇದಿಕೆ ಹಾಕುವ ಚೌಕಗಳ ಜಾಲ, ಚಿತ್ರದ ಚೌಕಗಳಿಗೆ ಕೂಡಿದೆಯೇ ಎಂದು ಮ್ಯಾಪಿನ ಎಡಮೂಲೆಯಲ್ಲಿ ನೋಡಿ ಸಮಾಧಾನಪಟ್ಟುಕೊಳ್ಳಬೇಡಿ, ಬಲತುದಿಗೆ ಹೋಗಿ ನೋಡಿ. 30 ಚೌಕಗಳ ಅಗಲದ ಚಿತ್ರ 2940 ಪಿಕ್ಸೆಲ್ ಇದ್ದು, ಗ್ರಿಡ್ 100 ಎಂದಿದ್ದರೆ ಎಡಕ್ಕೆ ಎಲ್ಲ ಸರಿಯಾಗೇ ಕಾಣುತ್ತದೆ. ಬಲತುದಿಯಲ್ಲಿ ಮಾತ್ರ 60 ಪಿಕ್ಸೆಲ್ ಜಾರಿ ಟೋಕನ್ ಗೋಡೆಯೊಳಗೆ ಸಿಕ್ಕಿಕೊಂಡಿರುತ್ತದೆ. 2940ನ್ನು 30ರಿಂದ ಭಾಗಿಸಿ; ಬಂದ 98 ನಿಮ್ಮ ಗ್ರಿಡ್‌ನ ಅಳತೆ. ಮಾಡ್ಯೂಲ್‌ನಲ್ಲಿ ಗೋಡೆಗಳು ಮೊದಲೇ ಕೂತಿದ್ದರೆ ಗ್ರಿಡ್ ಬದಲಿಸಿದ ಮೇಲೆ ಅವೂ ಜಾಗ ಬಿಟ್ಟಿಲ್ಲವಷ್ಟೆ ಎಂದು ಮತ್ತೊಮ್ಮೆ ನೋಡಿ.

ಕೊನೆಯದು ತೂಕ. ಫೈಲ್ ಬರೀ 3 ಎಂಬಿ ಎಂದು ಮೋಸ ಹೋಗಬೇಡಿ. ಫೈಲ್ ಎಷ್ಟೇ ಕುಗ್ಗಿದ್ದರೂ ಪರದೆಗೆ ಬರುವಾಗ ಒಂದೊಂದು ಪಿಕ್ಸೆಲ್ಲೂ ಗ್ರಾಫಿಕ್ಸ್ ಮೆಮೊರಿಯಲ್ಲಿ 4 ಬೈಟ್ ಹಿಡಿಯುತ್ತದೆ. 30ಕ್ಕೆ 40 ಚೌಕದ ಮ್ಯಾಪ್, ಚೌಕಕ್ಕೆ 100 ಪಿಕ್ಸೆಲ್ ಎಂದರೆ 48 ಎಂಬಿ. ಅದನ್ನೇ 140 ಪಿಕ್ಸೆಲ್‌ನಲ್ಲಿ ಕೊಟ್ಟರೆ 94 ಎಂಬಿ. ಹಳೆಯ ಲ್ಯಾಪ್‌ಟಾಪಿನಲ್ಲಿ ಆಡುವವರು ಗುಂಪಿನಲ್ಲಿದ್ದರೆ ಚೌಕಕ್ಕೆ 100ರ ಮೇಲೆ ಹೋಗಲೇಬೇಡಿ. ‘ಅಲ್ಟ್ರಾ ಎಚ್‌ಡಿ’ ಎಂದು ಹೆಚ್ಚಿಗೆ ದುಡ್ಡು ಕೇಳುವ ಮ್ಯಾಪ್ ಅಂಥವರ ಪಾಲಿಗೆ ಶಿಕ್ಷೆ. ನೀರು ಹರಿಯುವ, ಬೆಂಕಿ ಕುಣಿಯುವ ವಿಡಿಯೊ ಮ್ಯಾಪುಗಳನ್ನೂ ಸ್ಥಿರಚಿತ್ರಕ್ಕೆ ಬದಲಿಸಿ.

ಒಂದು ಮ್ಯಾಪಿಗೆ ಇಷ್ಟೆಲ್ಲಕ್ಕೆ ಹತ್ತು ನಿಮಿಷ. ಎಂಟನ್ನೂ ಒಂದೇ ದಿನ ಮಾಡಬೇಕಿಲ್ಲ, ಮುಂದಿನ ಸೆಷನ್‌ಗೆ ಬೇಕಾದ ಎರಡು ಮೂರು ಸಾಕು. ಹತ್ತು ನಿಮಿಷದಲ್ಲಿ ಮುಗಿಯದೆ ಮ್ಯಾಪಿಗೆ ಅರ್ಧ ಗಂಟೆ ಹಿಡಿಯುತ್ತಿದೆಯೇ? ಕೊಟ್ಟ ಕೂಲಿಗೆ ಕೆಲಸ ಆಗಿಲ್ಲ. ಆ ತಯಾರಕರ ಎರಡನೆಯ ಸಾಹಸ ಕೊಳ್ಳಬೇಡಿ.

ಉಳಿದದ್ದು

ಮೊದಲ ಅಧ್ಯಾಯವನ್ನು ಪೂರ್ತಿ ಓದಿ, ಮುಂದಿನವುಗಳನ್ನು ಕಣ್ಣಾಡಿಸಿ. ನಿಮ್ಮ ಟಿಪ್ಪಣಿಗಳನ್ನು ಮಾಡ್ಯೂಲ್‌ನ ಜರ್ನಲ್‌ನಲ್ಲಿ ಬರೆಯದೆ ಬೇರೆ ಜರ್ನಲ್‌ನಲ್ಲಿ ಬರೆಯಿರಿ. ಅಪ್‌ಡೇಟ್ ಬಂತೆಂದು ಸಾಹಸವನ್ನು ಮತ್ತೆ ಇಂಪೋರ್ಟ್ ಮಾಡಿದರೆ ಹಳೆಯ ಪುಟಗಳ ಮೇಲೆ ಹೊಸವು ಕೂರುತ್ತವೆ, ನಿಮ್ಮ ತಿದ್ದುಪಡಿ, ತೆರೆದಿಟ್ಟ ಬಾಗಿಲು, ಸತ್ತ ರಾಕ್ಷಸ ಎಲ್ಲ ಮೊದಲಿದ್ದ ಹಾಗಾಗುತ್ತವೆ. ಕ್ಯಾಂಪೇನ್ ಮುಗಿಯುವ ತನಕ ಫೌಂಡ್ರಿಯ ಮುಖ್ಯ ಆವೃತ್ತಿಯನ್ನೂ ಮೇಲಕ್ಕೆ ಏರಿಸಬೇಡಿ, ಪರದೆಯ ಮೇಲೆ ಎಷ್ಟು ಸಲ ನೆನಪಿಸಿದರೂ ಸರಿ.

ಆಟದ ದಿನ ಎಲ್ಲರೂ ಲಾಗಿನ್ ಆದ ಮೇಲೆ, ಮಾತುಕತೆ ನಡೆಯುತ್ತಿರುವಾಗಲೇ ಫೌಂಡ್ರಿಯಲ್ಲಿ ಆ ರಾತ್ರಿಯ ಸೀನ್‌ಗಳ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರೀಲೋಡ್ ಒತ್ತಿ. ಚಿತ್ರಗಳು ಎಲ್ಲರ ಕಂಪ್ಯೂಟರಿಗೂ ಮೊದಲೇ ಇಳಿದಿರುತ್ತವೆ. ದೊಡ್ಡ ಕಾಳಗದ ಮ್ಯಾಪನ್ನು ಮೊದಲು ಒತ್ತಿ, ಊರಿನ ಮ್ಯಾಪ್ ಆಮೇಲೆ ಬಂದರೂ ನಡೆಯುತ್ತದೆ.