ಡೆಟ್ ಪದದ ‘ಬಿ’ ಎಲ್ಲಿಂದ ಬಂತು: ಸ್ಪೆಲ್ಲಿಂಗ್ ಕಲಿಸಿದ ನನ್ನ ಅನುಭವ

ಪದಗಳ ಮೂಲ ಹೇಳಿಕೊಂಡು ಇಂಗ್ಲಿಷ್ ಸ್ಪೆಲ್ಲಿಂಗ್ ಕಲಿಸುವುದು ಆಗದ ಕೆಲಸ ಎಂದವರೇ ಹೆಚ್ಚು. ಸಾಗರದ ನನ್ನ ಟ್ಯೂಷನ್ನಿನಲ್ಲಿ ಅದು ಆಗಿದೆ. ಕನ್ನಡ ಮಾಧ್ಯಮದ ಹತ್ತನೆಯ ತರಗತಿಯ ಮಕ್ಕಳ ಉಕ್ತಲೇಖನದಲ್ಲಿ ಐವತ್ತು ಪದಕ್ಕೆ ಇಪ್ಪತ್ತರಷ್ಟಿದ್ದ ತಪ್ಪು ಈ ವರ್ಷ ಐದಾರಕ್ಕೆ ಇಳಿದಿದೆ.

ಮೊದಲ ಪ್ರಯತ್ನದಲ್ಲಿ ಹೋದದ್ದು ಹಣ. ಲ್ಯಾಟಿನ್, ಗ್ರೀಕ್ ಧಾತುಗಳ ಬಣ್ಣದ ಚಾರ್ಟುಗಳನ್ನು ಮುದ್ರಿಸಿ ಲ್ಯಾಮಿನೇಟ್ ಮಾಡಿಸಲು ಸುಮಾರು ನಾಲ್ಕು ಸಾವಿರ ರೂಪಾಯಿ ಬಿತ್ತು. ಮಕ್ಕಳು ಅದನ್ನೂ ಮಗ್ಗಿಯಂತೆ ಉರುಹೊಡೆದು ಪರೀಕ್ಷೆಯ ಮರುದಿನ ಮರೆತರು. “ವ್ಯಾಕರಣ ಕಲಿಸಿ ಎಂದರೆ ಕತೆ ಹೇಳುತ್ತೀರಲ್ಲ, ಮೇಷ್ಟ್ರೇ” ಎಂದು ಕೆಲವು ಪೋಷಕರು ಮಕ್ಕಳನ್ನು ಬಿಡಿಸಿದರು. ಆ ವರ್ಷ ಶುಲ್ಕದಲ್ಲಿ ಹದಿನೈದು ಸಾವಿರದ ಹತ್ತಿರ ಖೋತಾ.

ದಾರಿ ತೋರಿಸಿದ್ದು ಬ್ಯಾಂಕಿನ ಪಾಸ್‌ಬುಕ್. ಸಾಲ ಎನ್ನುವ ‘ಡೆಟ್’ನಲ್ಲಿ ಯಾರೂ ಉಚ್ಚರಿಸದ ‘ಬಿ’ ಏಕಿದೆ? ಆ ಪದ ಫ್ರೆಂಚಿನಿಂದ ಇಂಗ್ಲಿಷಿಗೆ ಬಂದಾಗ ‘ಬಿ’ ಇರಲೇ ಇಲ್ಲ. ಅದರ ಮೂಲ ಲ್ಯಾಟಿನ್ನಿನ ‘ಡೆಬಿಟುಮ್’ ಎಂದು ಕಾಣಿಸಲು ಪಂಡಿತರು ಆಮೇಲೆ ತುರುಕಿದರು. ಪಾಸ್‌ಬುಕ್ಕಿನ ‘ಡೆಬಿಟ್’ ಕೂಡ ಅದೇ ಮನೆತನದ್ದು, ಅಲ್ಲಿ ‘ಬಿ’ ಕೇಳಿಸುತ್ತದೆ. ಇದನ್ನು ತೋರಿಸಿದ ಮೇಲೆ ಆ ಅಕ್ಷರವನ್ನು ಬಿಡುವ ಮಕ್ಕಳು ಅಪರೂಪ. ‘ರಿಸೀಟ್’ನ ‘ಪಿ’ಗೆ ‘ರಿಸೆಪ್ಷನ್’ ಸಾಕ್ಷಿ. ಮೂಕ ಅಕ್ಷರ ಬಾಯಿ ಬಿಡುವ ಸೋದರ ಪದವೊಂದನ್ನು ಹುಡುಕಿ ಕೊಡುವುದೇ ನನ್ನ ಕ್ರಮ. ‘ಐಲ್ಯಾಂಡ್’ ಮಾತ್ರ ಇದಕ್ಕೆ ಬಗ್ಗುವುದಿಲ್ಲ. ಅದು ಅಪ್ಪಟ ಹಳೆಯ ಇಂಗ್ಲಿಷ್ ಪದ. ಲ್ಯಾಟಿನ್ ‘ಇನ್ಸುಲ’ದಿಂದ ಬಂದ, ದ್ವೀಪ ಎಂದೇ ಅರ್ಥವಿರುವ ‘ಐಲ್’ನ ನೆಂಟನೆಂದು ತಪ್ಪು ತಿಳಿದು ‘ಎಸ್’ ಸೇರಿಸಿದರು. ಪಂಡಿತರೂ ಎಡವಿದ್ದಾರೆ ಎಂದು ಗೊತ್ತಾದರೆ ಮಕ್ಕಳಿಗೆ ಎಷ್ಟು ಖುಷಿ! ಆ ‘ಎಸ್’ ಅನ್ನು ಅವರು ಮರೆಯುವುದೇ ಇಲ್ಲ. ಯಾವ ಪದದ ಬೆನ್ನಿಗೆ ಯಾವುದನ್ನು ಕೊಡಬೇಕೆಂಬ ಸರಣಿಯನ್ನು ಇಲ್ಲಿ ಬರೆಯಲಾರೆ, ಅದು ನನ್ನ ಹೊಟ್ಟೆಪಾಡು.

ರೋಮನ್ ಸೈನಿಕರಿಗೆ ಉಪ್ಪನ್ನೇ ಸಂಬಳವಾಗಿ ಕೊಡುತ್ತಿದ್ದರು, ಅದರಿಂದ ‘ಸ್ಯಾಲರಿ’ ಬಂತು ಎಂಬ ಕತೆಯನ್ನು ಕೈಬಿಟ್ಟಿದ್ದೇನೆ. ಲ್ಯಾಟಿನ್ನಿನ ‘ಸಲಾರಿಯುಮ್’ಗೆ ಉಪ್ಪಿನ ನಂಟಿದೆ, ಆದರೆ ಸಂಬಳವಾಗಿ ಉಪ್ಪು ಅಳೆದುಕೊಟ್ಟರೆನ್ನಲು ಪ್ರಾಚೀನ ಆಧಾರವಿಲ್ಲ. ಇಂಥ ಕತೆ ಮಕ್ಕಳ ತಲೆಗೆ ಬೇಗ ಹತ್ತುತ್ತದೆ, ಅದಕ್ಕೇ ಎಚ್ಚರ ಬೇಕು.

ನಡುವೆ ‘ಎ’ ಮತ್ತು ‘ಆ್ಯನ್’ ಕಲಿಸಲು ‘ಅಂಪೈರ್’ ಪದವನ್ನು ಹಿಡಿದೆ. ಮೊದಲು ಅದು ‘ನೂಂಪೆರ್’. ಹಳೆಯ ಫ್ರೆಂಚಿನಲ್ಲಿ ಜೋಡಿಯಿಲ್ಲದವನು, ಅಂದರೆ ಇಬ್ಬರ ಜಗಳಕ್ಕೆ ಮೂರನೆಯವನು. ‘ಎ ನೂಂಪೆರ್’ ಎಂಬುದು ಜನರ ಕಿವಿಯಲ್ಲಿ ‘ಆ್ಯನ್ ಊಂಪೆರ್’ ಎಂದು ಒಡೆಯಿತು. ಅಡುಗೆಮನೆಯ ‘ಏಪ್ರನ್’ ಕೂಡ ಹೀಗೆಯೇ ತನ್ನ ‘ಎನ್’ ಕಳೆದುಕೊಂಡಿತು. ಇದರಿಂದ ವ್ಯಾಕರಣದ ತಪ್ಪೇನೂ ಅಷ್ಟಾಗಿ ಕಡಿಮೆಯಾಗಲಿಲ್ಲ, ಆದರೆ ಹಿಂದಿನ ಬೆಂಚಿನ ಕ್ರಿಕೆಟ್ ಹುಡುಗರು ತಾವಾಗಿಯೇ ಮುಂದೆ ಬಂದು ಕುಳಿತರು.

ಬಿಡಿಸಿಕೊಂಡು ಹೋಗಿದ್ದ ಪೋಷಕರಲ್ಲಿ ಇಬ್ಬರು ಈಗ ಕಿರಿಯ ಮಕ್ಕಳನ್ನು ಸೇರಿಸಿದ್ದಾರೆ. ತಿಂಗಳ ಶುಲ್ಕವನ್ನು ನೂರು ರೂಪಾಯಿ ಏರಿಸಿದ್ದೇನೆ. ಯಾರೂ ಚೌಕಾಸಿ ಮಾಡಿಲ್ಲ.