ಕಿವಿಯೊಳಗಿನ ಉರಿಯೂತವನ್ನು ಇಡಿಯಾಗಿ ಹರಡಿ ನೋಡಿದ ನನ್ನ ಅನುಭವ

ಶಬ್ದಕ್ಕೆ ಕಿವಿ ಕೆಟ್ಟ ಇಲಿಯಲ್ಲಿ ಮ್ಯಾಕ್ರೋಫೇಜ್ (ಗಾಯವಾದ ಕಡೆ ಸೇರುವ ರೋಗನಿರೋಧಕ ಕೋಶ) ಎಣಿಸಬೇಕಾ, ಸುಮ್ನೆ ಸೆಕ್ಷನ್ (ತೆಳು ಬಿಲ್ಲೆ) ಕತ್ತರಿಸು ಎಂದು ಲ್ಯಾಬಿನ ಸೀನಿಯರ್‌ಗಳೆಲ್ಲ ಹೇಳುತ್ತಿದ್ದರು. ಒಳಗಿವಿಯ ಸುರುಳಿಯಾದ ಕಾಕ್ಲಿಯಾದ ಪಕ್ಕದ ಗೋಡೆಯನ್ನು ಇಡಿಯಾಗಿ ಬಿಡಿಸಿದರೆ ಚಿಂದಿಯಾಗುತ್ತೆ, ಏನೂ ಕಾಣಲ್ಲ ಎನ್ನುವುದು ಅವರ ವಾದ. ಈಗ ಅವರೇ ನನ್ನ ಸ್ಲೈಡ್ ಕೇಳಿ ಒಯ್ಯುತ್ತಾರೆ.

ಮೊದಲು ಕಾಡಿದ್ದು ಮೂಳೆ. ಮೂಳೆಯ ಕ್ಯಾಲ್ಸಿಯಂ ತೆಗೆದು ಮೆದು ಮಾಡುವ ಇಡಿಟಿಎ ದ್ರಾವಣದಲ್ಲಿ ಕಡಿಮೆ ಹೊತ್ತು ಇಟ್ಟರೆ ಮೂಳೆಚೂರು ಅಂಗಾಂಶಕ್ಕೆ ಚುಚ್ಚಿಕೊಳ್ಳುತ್ತದೆ. ಜಾಸ್ತಿ ಇಟ್ಟರೆ ಫೋರ್ಸೆಪ್ಸ್ ತಾಗಿದರೆ ಸಾಕು, ಹರಿಯುತ್ತದೆ. ಎಷ್ಟು ಹೊತ್ತು, ಎಷ್ಟು ಬಿಸಿಯಲ್ಲಿ ಅನ್ನೋದನ್ನು ಪೇಪರ್ ಬರುವ ತನಕ ಹೇಳಲಾರೆ. ಆಮೇಲೆ ಬಣ್ಣದ ಕಾಟ. ಸಿಬಿಎ ಎಂಬ ಲ್ಯಾಬ್ ತಳಿಯ ಇಲಿಯಲ್ಲಿ, ಆ ಗೋಡೆಯ ಒಳಪದರವಾದ ಸ್ಟ್ರಯಾದಲ್ಲಿ ಮೆಲನಿನ್ ಇರುತ್ತದಲ್ವಾ, ಅದರ ಹಿಂದಿರುವುದೆಲ್ಲ ಮುಚ್ಚಿಹೋಗುತ್ತದೆ. ಸ್ಟ್ರಯಾವನ್ನು ಅದರ ಹಿಂದಿನ ಪದರವಾದ ಸ್ಪೈರಲ್ ಲಿಗಮೆಂಟಿನಿಂದ ಸಿಪ್ಪೆ ಸುಲಿದ ಹಾಗೆ ಬೇರೆ ಮಾಡಿದ ಮೇಲೆಯೇ ಚಿತ್ರ ತಿಳಿಯಾಯಿತು. ಹೃದಯದ ಮೂಲಕ ಸಲೈನ್ ಹಾಯಿಸಿ ರಕ್ತ ಪೂರ್ತಿ ತೊಳೆಯಲೇಬೇಕು. ಇಲ್ಲದಿದ್ದರೆ ರಕ್ತನಾಳದೊಳಗಿನ ಬಿಳಿ ಕಣಗಳೂ ಸಿಡಿ45ಗೆ (ಬಿಳಿ ರಕ್ತಕಣಗಳೆಲ್ಲದರ ಮೇಲಿರುವ ಗುರುತು ಪ್ರೋಟೀನ್) ಹೊಳೆದು ಲೆಕ್ಕ ಕೆಡಿಸುತ್ತವೆ.

ದುಡ್ಡು ಹೋದದ್ದು ಬೇರೆ ಕಡೆ. ಕೋಶಗಳನ್ನು ಹೊಳೆಯಿಸಿ ಗುರುತಿಸುವ ಆಂಟಿಬಾಡಿ ಒಂದು ವಯಲ್‌ಗೆ 40 ಸಾವಿರ ರೂಪಾಯಿಯ ಆಸುಪಾಸು ಬಿತ್ತು. ಒಂದು ಸಲ ಐಸೆಲ್ಲ ಕರಗಿದ ಪೆಟ್ಟಿಗೆ ಬಂತು, ಬದಲಿ ಕೊಡಿ ಎಂದರೆ ಜವಾಬೇ ಇಲ್ಲ. ಇಲಿಗಳಿಗೆ ಕೇಳಿಸುವ ಶಬ್ದವನ್ನು 110 ಡೆಸಿಬೆಲ್‌ನಲ್ಲಿ ಎರಡು ಗಂಟೆ ನಡೆಸುವಷ್ಟರಲ್ಲಿ ಟ್ವೀಟರ್‌ಗಳು (ಕೀಚು ಶಬ್ದದ ಸ್ಪೀಕರ್) ಸುಟ್ಟವು. ಹಾರ್ನ್ ಸ್ಪೀಕರ್ ಹಾಕಿಸಿದ ಮೇಲೆ ಆ ತಲೆನೋವು ತಪ್ಪಿತು.

ಶಾಂತ ಕಿವಿಯಲ್ಲಿ ಮ್ಯಾಕ್ರೋಫೇಜ್‌ಗಳು ತೆಳ್ಳಗೆ ಕವಲು ಚಾಚಿ ದೂರದೂರ ಇರುತ್ತವೆ. ಶಬ್ದ ಕೇಳಿದ ಮಾರನೇ ದಿನವೂ ಹೆಚ್ಚುಕಡಿಮೆ ಹಾಗೇ. ಮೂರನೇ ದಿನದಿಂದ ವಾರದೊಳಗೆ ನೋಡಿ, ಲಿಗಮೆಂಟಿನ ತುಂಬ ದುಂಡು ಕೋಶಗಳು, ನಾಲ್ಕೈದು ಪಟ್ಟಾದರೂ ಸರಿ. ಇವು ಲಿಗಮೆಂಟಿಗೆ ಬಂದು ಸೇರುವುದನ್ನು 2005ರಲ್ಲೇ ಸಂಶೋಧಕಿ ಹಿರೋಸೆ ಅವರ ತಂಡ ತೋರಿಸಿತ್ತು. ಬುಡದ ಸುರುಳಿಯಿಂದ ತುದಿಯವರೆಗೆ ಎಲ್ಲಿ ಎಷ್ಟು ಎಂದು ಒಂದೇ ತುಂಡಿನಲ್ಲಿ ನೋಡುವುದು ನನ್ನ ಆಸೆಯಾಗಿತ್ತು, ಅದು ಸಿಕ್ಕಿತು. ಶಬ್ದ ನಿಂತ ಮೇಲೂ ಕೆಲವು ದಿನ ಉರಿಯೂತ ಏರುತ್ತಲೇ ಹೋಗುತ್ತದೆ.

ನಡುವೆ ಉರಿಯೂತ ತಗ್ಗಿಸುವ ಸ್ಟೀರಾಯ್ಡ್ ಡೆಕ್ಸಾಮೆಥಾಸೋನ್ ಕೂಡ ಕೊಟ್ಟು ನೋಡಿದೆ. ಶಬ್ದ ನಿಲ್ಲುತ್ತಿದ್ದಂತೆ ಕೊಟ್ಟ ಇಲಿಗಳ ಎಬಿಆರ್ ಥ್ರೆಶೋಲ್ಡ್ (ಶಬ್ದಕ್ಕೆ ಮಿದುಳಕಾಂಡ ಸ್ಪಂದಿಸುವ ಅತಿ ಸಣ್ಣ ಮಟ್ಟ) ಔಷಧಿ ಇಲ್ಲದವಕ್ಕಿಂತ 10–15 ಡೆಸಿಬೆಲ್ ಚೆನ್ನಾಗಿತ್ತು. ಐದಾರು ದಿನ ಬಿಟ್ಟು ಕೊಟ್ಟವಲ್ಲಿ ವ್ಯತ್ಯಾಸವೇ ಕಾಣಲಿಲ್ಲ. ಹಾಗಂತ ಮ್ಯಾಕ್ರೋಫೇಜ್‌ಗಳನ್ನು ಪೂರ್ತಿ ತೆಗೆದುಹಾಕುವ ಯೋಚನೆ ನನಗೆ ಒಪ್ಪಿಗೆಯಿಲ್ಲ. ಮ್ಯಾಕ್ರೋಫೇಜ್‌ಗಳು ಸಂಕೇತ ಹಿಡಿಯುವ ಗ್ರಾಹಕವಾದ ಸಿಎಕ್ಸ್3ಸಿಆರ್1 ಇಲ್ಲದ ಇಲಿಗಳಲ್ಲಿ ಶಬ್ದಕ್ಕೆ ಕಳಚಿದ ಸಿನಾಪ್ಸ್‌ಗಳು (ಕಿವಿಯ ಕೋಶ ಮತ್ತು ನರದ ನಡುವಿನ ಕೊಂಡಿ) ಸರಿಯಾಗಿ ಮರಳುವುದಿಲ್ಲ ಎಂದು ಬೇರೆ ಲ್ಯಾಬ್‌ನವರು ಆಗಲೇ ತೋರಿಸಿದ್ದಾರೆ. ಆ ಇಲಿಗಳನ್ನು ತರಿಸಲು ಈಗ ಅನುದಾನಕ್ಕೆ ಅರ್ಜಿ ಹಾಕಿದ್ದೇನೆ.